ಕಲಬುರಗಿಯ ಲ್ಯಾಬಿನಲ್ಲಿ ಬೂತಾಯಿ: ಐಸ್ ಪೆಟ್ಟಿಗೆಯ ಮೀನಿನಿಂದ ಕಡಲನ್ನು ಓದುವ ಕ್ರಮ

ಕಲಬುರಗಿಗೆ ಮಲ್ಪೆ, ಮಂಗಳೂರಿನ ಬಂದರುಗಳು ಆರುನೂರು ಕಿಲೋಮೀಟರಿಗೂ ದೂರ. ಇಲ್ಲಿನ ಪದವಿ ತರಗತಿಯ ಹುಡುಗರಲ್ಲಿ ಕಡಲು ಕಂಡವರೇ ಕಡಿಮೆ. ಹೀಗಿದ್ದೂ ಮೀನಿನ ಜೀವಶಾಸ್ತ್ರ ಹೇಳಿಕೊಡಲು ನಾನು ಆರಿಸಿಕೊಂಡದ್ದು ಬೂತಾಯಿಯನ್ನು. ಕುಂದಾಪುರದ ಕಡೆ ಬೈಗೆ, ಕಾರವಾರದ ಕಡೆ ತಾರ್ಲೆ ಎನ್ನುವುದೂ ಇದನ್ನೇ. ವೈಜ್ಞಾನಿಕ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್.

ಬೆಣ್ಣೆತೊರೆ, ಕಾರಂಜಾ, ನಾರಾಯಣಪುರದ ಹಿನ್ನೀರಿನ ಕಾಟ್ಲಾ, ರೋಹು ಕೈಗೆ ಸಿಗುತ್ತಿರುವಾಗ ಇದೇಕೆ ಎಂದು ಕೇಳುವವರುಂಟು. ಕಾಟ್ಲಾ, ರೋಹು ಬಹುಪಾಲು ಬಿತ್ತಿದ ಮೀನು. ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸಿ, ಮರಿ ತಂದು ನೀರಿಗೆ ಬಿಟ್ಟಿರುತ್ತಾರೆ. ಅವುಗಳ ಮೈಯಲ್ಲಿ ಮರಿ ಕೇಂದ್ರದ ಲೆಕ್ಕ ಕಾಣುತ್ತದೆಯೇ ಹೊರತು ಋತುವಿನದ್ದಲ್ಲ. ಬೂತಾಯಿ ಹಾಗಲ್ಲ. ಕಡಲ ತಳದ ತಣ್ಣೀರು ಮೇಲೆದ್ದಿದ್ದು, ಡಯಾಟಂ ಎಂಬ ಸೂಕ್ಷ್ಮ ಪಾಚಿ ಹಬ್ಬಿದ್ದು, ಮೊಟ್ಟೆ ಇಟ್ಟು ಸೊರಗಿದ್ದು, ಮತ್ತೆ ಕೊಬ್ಬಿದ್ದು ಎಲ್ಲವೂ ಕೆಲವೇ ತಿಂಗಳಲ್ಲಿ ಅದರ ಹೊಟ್ಟೆ, ಅಂಡಾಶಯ, ಮಾಂಸದಲ್ಲಿ ಅಳೆಯಲು ಸಿಗುವಷ್ಟು ಬದಲಾವಣೆ ತರುತ್ತವೆ. ಮೀನಿನ ಬೆಲೆಯೂ ಕಾಲೇಜಿನ ಕೈಗೆಟುಕುವಂಥದ್ದು. ಪದವಿ ತರಗತಿಗಳಲ್ಲಿ ಪ್ರಾಣಿ ಛೇದನಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಡಿವಾಣ ಹಾಕಿದ ಮೇಲೆ, ತಿನ್ನಲೆಂದು ಹಿಡಿದು ಸತ್ತೇ ಬಂದ ಮೀನು ಎಂಬುದೂ ಒಂದು ಅನುಕೂಲ.

ತೊಡಕು ಇರುವುದು ದಾರಿಯಲ್ಲಿ. ಮೀನು ಇಲ್ಲಿಗೆ ಬರುವ ಹೊತ್ತಿಗೆ ಐಸು, ಬಿಸಿಲು ಮತ್ತು ವ್ಯಾಪಾರಿಯ ಕೈ ಸೇರಿ ಅದರ ಮೈಯಲ್ಲಿದ್ದ ಮಾಹಿತಿಯ ಒಂದು ಪಾಲನ್ನು ಅಳಿಸಿರುತ್ತವೆ. ಏನು ಅಳಿದಿದೆ, ಏನು ಉಳಿದಿದೆ ಎಂದು ತಿಳಿಯದೆ ತೆಗೆದ ಅಂಕಿ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಸುಳ್ಳು ಹೇಳುತ್ತದೆ.

ಮೀನು ಕೊಳ್ಳುವಾಗ

ಪೆಟ್ಟಿಗೆ ಒಡೆಯುವ ಹೊತ್ತಿಗೆ, ಅಂದರೆ ಮುಂಜಾನೆ, ಅಂಗಡಿಯಲ್ಲಿರಬೇಕು. ತಟ್ಟೆಗೆ ಜೋಡಿಸಿದ ಮೇಲೆ ಹೋದರೆ ಸಿಗುವುದು ಆರಿಸಿದ ಮೀನು: ಒಂದೇ ಅಳತೆಯ, ಹೊಟ್ಟೆ ಗಟ್ಟಿಯಿರುವ, ಹೊಳೆಯುವ ಮೀನು. ನಾನು ಕೇಳುವುದು ಇಷ್ಟೇ: "ಭಾಯಿ, ಆರಿಸಬ್ಯಾಡ್ರಿ, ಪೆಟ್ಟಿಗ್ಯಾಗ ಹ್ಯಾಂಗ ಬಂದದ ಹಂಗೇ ಮ್ಯಾಲಿಂದು, ನಡುವಿಂದು, ತಳದ್ದು ತೂಗ್ರಿ." "ಸರ್, ಹೊಟ್ಟಿ ಒಡದದ್ದೂ ಬೇಕೇನ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಕು, ಮುಖ್ಯವಾಗಿ ಅದೇ ಬೇಕು.

ಬೂತಾಯಿಯ ಹೊಟ್ಟೆ ಒಡೆಯುವುದು ಬರೀ ಹಳತಾದದ್ದಕ್ಕಲ್ಲ. ಹೊಟ್ಟೆ ತುಂಬ ತಿಂದಿರುವಾಗ ಬಲೆಗೆ ಬಿದ್ದ ಮೀನಿನಲ್ಲಿ ಜೀರ್ಣರಸ ಹೇರಳವಾಗಿರುತ್ತದೆ. ಮೀನು ಸತ್ತ ಮೇಲೂ ಆ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ, ಒಳಗಿನಿಂದಲೇ ಕರುಳನ್ನೂ ಹೊಟ್ಟೆಯ ತೆಳು ಗೋಡೆಯನ್ನೂ ಕರಗಿಸುತ್ತವೆ. ಅಂದರೆ ಮೊದಲು ಒಡೆಯುವುದು ಚೆನ್ನಾಗಿ ಮೇದ ಮೀನು. ವ್ಯಾಪಾರಿ ಅದನ್ನು ಬಿಸಾಡಿ ಗಟ್ಟಿ ಹೊಟ್ಟೆಯದನ್ನು ಕೊಟ್ಟರೆ, ನಮ್ಮ ಪಟ್ಟಿಯಲ್ಲಿ ಖಾಲಿ ಹೊಟ್ಟೆಯ ಮೀನಿನ ಪಾಲು ತಾನಾಗಿ ಏರುತ್ತದೆ. "ಈ ತಿಂಗಳು ಮೇವು ಕಡಿಮೆ" ಎಂದು ವರದಿ ಬರೆದವರು ಬರೆದಿರುವುದು ಕಡಲಿನ ಸಂಗತಿಯಲ್ಲ, ಅಂಗಡಿಯ ಸಂಗತಿ. ಒಡೆದ ಮೀನಿನ ಜಠರದಿಂದ ಲೆಕ್ಕ ಹೆಚ್ಚೇನೂ ಸಿಗದಿದ್ದರೂ ನೂರಕ್ಕೆ ಎಷ್ಟು ಒಡೆದಿತ್ತು ಎಂಬುದನ್ನು ಬರೆದಿಡಬೇಕು.

15ರಿಂದ 17 ಸೆಂ.ಮೀ. ಉದ್ದದ ಮೀನು ಕಿಲೋಗೆ ಸುಮಾರು 25ರಿಂದ 35 ಬರುತ್ತದೆ. ಒಂದು ತಂಡಕ್ಕೆ ಎರಡು ಕಿಲೋ ಸಾಕು. ಥರ್ಮಾಕೋಲ್ ಪೆಟ್ಟಿಗೆಯ ಮೂಲೆಯಲ್ಲಿ ನೀರು ಇಳಿಯಲು ತೂತು ಬೇಕು, ಮೀನು ಕರಗಿದ ಐಸಿನ ನೀರಲ್ಲಿ ತೇಲಬಾರದು. ತೇಲಿದರೆ ನೀರು ಕುಡಿದು ತೂಕ ಏರುತ್ತದೆ, ಹುರುಪೆಗಳೆಲ್ಲ ಉದುರುತ್ತವೆ. ಬೂತಾಯಿಯ ಹುರುಪೆ ಮೊದಲೇ ಸಡಿಲ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಆಗ ಮೀನಿನ ತೂಕದಷ್ಟೇ ಪುಡಿ ಐಸ್ ಹಾಕಬೇಕು. ಮಿಕ್ಕ ದಿನಗಳಲ್ಲಿ ಅರ್ಧದಷ್ಟಾದರೂ ಇರಲಿ. ದೊಡ್ಡ ಗಡ್ಡೆ ಐಸ್ ಮೀನನ್ನು ಜಜ್ಜುತ್ತದೆ.

ಈ ಮೀನನ್ನು ಕೊಯ್ದು ನೋಡಿ ಉಳಿದದ್ದನ್ನು ಮನೆಗೆ ಒಯ್ಯುವ ಯೋಚನೆ ಬೇಡ. ಬೂತಾಯಿ, ಬಂಗುಡೆಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಥಂಡಿ ತಪ್ಪಿದ ಕೂಡಲೇ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ಒಮ್ಮೆ ಆದ ಹಿಸ್ಟಮಿನ್ ಎಷ್ಟು ಕುದಿಸಿದರೂ ಹೋಗುವುದಿಲ್ಲ, ಮೈ ಕೆಂಪಾಗಿ ದದ್ದೆದ್ದು ತಲೆ ಸಿಡಿಯುತ್ತದೆ. ಲ್ಯಾಬಿನ ಮೇಜಿನ ಮೇಲೆ ಎರಡು ತಾಸು ಇದ್ದ ಮೀನು ಅಡುಗೆಮನೆಯ ಮೀನಲ್ಲ.

ಇದು ಬೂತಾಯಿಯೇ?

ಪೆಟ್ಟಿಗೆಯಲ್ಲಿ ಬೇರೆ ಸಾರ್ಡಿನೆಲ್ಲಾಗಳು ಬೆರೆತಿರುತ್ತವೆ. ಇಲ್ಲಿನವರಿಗೆ ಎಲ್ಲವೂ ಒಂದೇ ಬೆಳ್ಳಿ ಮೀನು. ಬೆರಕೆಯಾದರೆ ಮುಂದಿನ ಅಳತೆಯೆಲ್ಲ ವ್ಯರ್ಥ, ಹಾಗಾಗಿ ಮೊದಲ ಅರ್ಧ ಗಂಟೆ ಗುರುತಿಸುವುದಕ್ಕೇ ಮೀಸಲು.

ಬೂತಾಯಿಯ ಮೈ ದುಂಡಗೆ ನೀಳ, ತಲೆ ಉದ್ದ. ಬಾಲವನ್ನು ಬಿಟ್ಟು ಅಳೆದ ಉದ್ದದಲ್ಲಿ ತಲೆಯ ಪಾಲು ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಹತ್ತಿರ. ಕಿವಿರು ಮುಚ್ಚಳದ ಹಿಂದಿನ ಅಂಚಿನಲ್ಲಿ ಸ್ಪಷ್ಟ ಕಪ್ಪು ಚುಕ್ಕೆ, ಅದರ ಹಿಂದೆ ಹೊಂಬಣ್ಣದ ಮಸುಕು ಚುಕ್ಕೆ. ಈ ಹೊಂಬಣ್ಣವನ್ನು ನಂಬಿ ಕೂರಬೇಡಿ, ಐಸಿನಲ್ಲಿ ಎರಡು ದಿನ ಕಳೆದರೆ ಅದು ಮಾಯ. ಕಪ್ಪು ಚುಕ್ಕೆ ಉಳಿಯುತ್ತದೆ. ಬೆನ್ನಿನ ಈಜುರೆಕ್ಕೆಯ ಬುಡದಲ್ಲಿ ಕಪ್ಪು ಮಚ್ಚೆ ಕಂಡರೆ ಅದು ಗಿಬ್ಬೋಸಾ, ಫಿಂಬ್ರಿಯೇಟಾದಂಥ ಚಿಕ್ಕ ಸಾರ್ಡಿನೆಲ್ಲಾ ಇರಬಹುದು ಎಂದು ಬದಿಗಿಡಿ.

ಮಂಜು-ಐಸು ಕೆಡಿಸಲಾಗದ ಗುರುತುಗಳು ಎರಡು. ಒಂದು, ಹೊಟ್ಟೆಯಡಿಯ ಜೋಡಿ ಈಜುರೆಕ್ಕೆ. ಸೂಜಿಯಿಂದ ಬಿಡಿಸಿ ಎಣಿಸಿದರೆ ಬೂತಾಯಿಯಲ್ಲಿ ಕವಲೊಡೆಯದ ಒಂದು ಕಡ್ಡಿ, ಕವಲೊಡೆದ ಎಂಟು ಕಡ್ಡಿ. ನಮ್ಮ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಸಾರ್ಡಿನೆಲ್ಲಾಗಳಲ್ಲಿ ಕವಲೊಡೆದದ್ದು ಏಳು. ಎರಡನೆಯದು ಗಿಲ್ ರೇಕರ್. ಎಡಗಡೆಯ ಕಿವಿರು ಮುಚ್ಚಳ ಕತ್ತರಿಸಿ ಮೊದಲ ಕಿವಿರು ಕಮಾನನ್ನು ಮೇಲಿನ, ಕೆಳಗಿನ ತುದಿಗಳಲ್ಲಿ ಕತ್ತರಿಸಿ ಹೊರತೆಗೆಯಬೇಕು. ಕೆಂಪು ಎಳೆಗಳಿರುವುದು ಉಸಿರಾಟದ ಬದಿ. ಎದುರು ಬದಿಯ ಬಿಳಿ, ಒತ್ತಾದ ಸಣ್ಣ ಕಡ್ಡಿಗಳೇ ರೇಕರ್. ಕಮಾನನ್ನು ನೀರಲ್ಲಿ ಅಲುಗಿಸಿ ಲೋಳೆ ಕಳೆದು, ಮಿಥಿಲೀನ್ ಬ್ಲೂ ಹನಿ ತಾಕಿಸಿ, ಬಿಳಿ ಹೆಂಚಿನ ಮೇಲೆ ಹರಡಿ, ಛೇದನ ಸೂಕ್ಷ್ಮದರ್ಶಕದ 10 ಪಟ್ಟಿನಲ್ಲಿ ಕೆಳತೋಳಿನವನ್ನು ಮಾತ್ರ ಎಣಿಸಬೇಕು. ಬೂತಾಯಿಯಲ್ಲಿ 150ರಿಂದ 250ರವರೆಗೆ ಸಿಗುತ್ತದೆ, ಮೀನು ದೊಡ್ಡದಾದಷ್ಟೂ ಹೆಚ್ಚು. ಗಿಬ್ಬೋಸಾದಲ್ಲಿ 45ರಿಂದ 59, ಫಿಂಬ್ರಿಯೇಟಾದಲ್ಲಿ 54ರಿಂದ 82. ಅಂತರ ಇಷ್ಟು ದೊಡ್ಡದಾದ್ದರಿಂದ ಎಣಿಕೆಯಲ್ಲಿ ಐದಾರು ತಪ್ಪಿದರೂ ಜಾತಿ ತಪ್ಪುವುದಿಲ್ಲ. ಹತ್ತತ್ತಕ್ಕೊಂದು ಸೂಜಿ ಚುಚ್ಚಿ ಗುರುತಿಟ್ಟುಕೊಂಡರೆ ಲೆಕ್ಕ ಹಾರುವುದಿಲ್ಲ.

ಈ ರೇಕರ್‌ಗಳೇ ಬೂತಾಯಿಯ ಬದುಕಿನ ಕೀಲಿ. ಹಿಟ್ಟಿನ ಜರಡಿಯಂತೆ ಒತ್ತಾದ ಈ ಬಲೆ ಇರುವುದರಿಂದಲೇ ಅದು ಬರಿಗಣ್ಣಿಗೆ ಕಾಣದ ಡಯಾಟಂಗಳನ್ನು ನೀರಿನಿಂದ ಸೋಸಿ ತಿನ್ನಬಲ್ಲದು. ಮರಿ ಮೀನಿನಲ್ಲಿ ರೇಕರ್ ವಿರಳ, ಹಾಗಾಗಿ ಅದು ಕೋಪಿಪಾಡ್‌ನಂಥ ಪ್ರಾಣಿಪ್ಲವಕಗಳನ್ನು, ಅಂದರೆ ನೀರಲ್ಲಿ ತೇಲುವ ಸಣ್ಣ ಪ್ರಾಣಿಗಳನ್ನು ಹೆಚ್ಚು ತಿನ್ನುತ್ತದೆ. ಬೆಳೆದಂತೆ ಡಯಾಟಂನಂಥ ಸಸ್ಯಪ್ಲವಕದ ಪಾಲು ಏರುತ್ತದೆ. 11 ಸೆಂ.ಮೀ. ಮತ್ತು 18 ಸೆಂ.ಮೀ. ಮೀನಿನ ಕಮಾನುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಹುಡುಗರಿಗೆ ಪಾಠ ಬೇರೆ ಬೇಕಾಗುವುದಿಲ್ಲ.

ಅಳತೆ, ತೂಕ

ಅಳತೆ ಹಲಗೆಗೆ ದುಡ್ಡು ಸುರಿಯಬೇಕಿಲ್ಲ. ಶಹಾಬಾದ್ ಕಲ್ಲಿನ ಪಟ್ಟಿಯೊಂದರ ತುದಿಗೆ ನೇರವಾಗಿ ನಿಲ್ಲುವಂತೆ ತುಂಡು ಕಲ್ಲು ಅಂಟಿಸಿ, ಮೇಲೆ ಮಿಲಿಮೀಟರ್ ಗುರುತಿನ ಸ್ಟೀಲ್ ಸ್ಕೇಲ್ ಕೂರಿಸಿದರೆ ಆಯಿತು. ಮರದ ಹಲಗೆ ಒದ್ದೆಯಾಗಿ ಬಾಗುತ್ತದೆ, ಇದು ಬಾಗುವುದಿಲ್ಲ. ಆದರೆ ಅದು ಸುಣ್ಣದ ಕಲ್ಲು. ಆಮ್ಲ ಬಿದ್ದರೆ ನೊರೆಯೆದ್ದು ಸವೆಯುತ್ತದೆ, ಆಮ್ಲದ ಕೆಲಸ ಅದರ ಮೇಲೆ ಮಾಡಬಾರದು.

ಮೂತಿಯನ್ನು ನಿಲುಗಲ್ಲಿಗೆ ತಾಗಿಸಿ, ಬಾಯಿ ಮುಚ್ಚಿ, ಮೀನನ್ನು ಬಲಮಗ್ಗುಲಿಗೆ ಮಲಗಿಸಿ ಅಳೆಯಬೇಕು. ಬಾಲದ ತುದಿಯವರೆಗಿನ ಪೂರ್ಣ ಉದ್ದವನ್ನೇ ಹೆಚ್ಚಿನವರು ಬಳಸುತ್ತಾರೆ. ಆದರೆ ನಮಗೆ ಬರುವ ಪೆಟ್ಟಿಗೆಯಲ್ಲಿ ಬಾಲದ ತುದಿ ಮುರಿದ ಮೀನು ಸಾಮಾನ್ಯ. ಅಂಥದರಲ್ಲಿ ಬಾಲದ ಬುಡದ ಮೂಳೆಯವರೆಗಿನ ಉದ್ದ ತೆಗೆಯಬೇಕು. ಸರಿಯಿರುವ ಮೀನುಗಳಲ್ಲಿ ಎರಡನ್ನೂ ಅಳೆದು ಅನುಪಾತ ಕಂಡುಕೊಂಡರೆ ಮುರಿದ ಬಾಲದ್ದನ್ನು ಲೆಕ್ಕದಿಂದ ಕೂಡಿಸಬಹುದು. ಎರಡು ಬಗೆಯ ಉದ್ದವನ್ನು ಒಂದೇ ಕಾಲಮಿನಲ್ಲಿ ಬೆರೆಸುವುದು ಈ ಕೆಲಸದಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು. ಗ್ರಾಫಿನಲ್ಲಿ ಎರಡು ಗುಡ್ಡ ಕಾಣುತ್ತವೆ, ಎರಡು ವಯಸ್ಸಿನ ಗುಂಪು ಎಂದು ಓದಿಬಿಡುತ್ತಾರೆ.

ತೂಕಕ್ಕೆ 0.1 ಗ್ರಾಂ ನಿಖರತೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಹತ್ತಿ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ನಿಲ್ಲಿಸಿ ತೂಗಬೇಕು. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ, ತಕ್ಕಡಿಗೆ ರಟ್ಟಿನ ಮರೆ ಕಟ್ಟಿದರೆ ಜಗಳವಿಲ್ಲ.

ಉದ್ದ-ತೂಕದಿಂದ ಮೈಕಟ್ಟಿನ ಅಂಶ ತೆಗೆಯುವುದು ಸುಲಭ: ತೂಕವನ್ನು 100ರಿಂದ ಗುಣಿಸಿ ಉದ್ದದ ಘನದಿಂದ ಭಾಗಿಸಬೇಕು. 16 ಸೆಂ.ಮೀ. ಮೀನು 34 ಗ್ರಾಂ ಇದ್ದರೆ 3400 ಭಾಗಿಸು 4096, ಅಂದರೆ 0.83. ಅದೇ ಉದ್ದದ್ದು 30 ಗ್ರಾಂ ಇದ್ದರೆ 0.73. ಮೊಟ್ಟೆ ತುಂಬಿದ ಮೀನೂ, ಹೊಟ್ಟೆ ತುಂಬ ತಿಂದ ಮೀನೂ ಈ ಲೆಕ್ಕದಲ್ಲಿ ದಷ್ಟಪುಷ್ಟವಾಗಿಯೇ ಕಾಣುತ್ತವೆ. ಅದಕ್ಕೆ ನಾನು ಕರುಳು, ಅಂಡಾಶಯ ತೆಗೆದ ಮೇಲಿನ ತೂಕದಿಂದ ಇನ್ನೊಮ್ಮೆ ಲೆಕ್ಕ ಹಾಕಿಸುತ್ತೇನೆ. ಎರಡರ ನಡುವಿನ ಅಂತರವೇ ಹೆಚ್ಚು ಮಾತಾಡುತ್ತದೆ.

ಇನ್ನು ಉದ್ದದ ಗ್ರಾಫ್ ಕಡಲಿನ ಇಡೀ ಹಿಂಡಿನದು ಎಂದು ತಿಳಿಯಬಾರದು. ಗಿಲ್‌ನೆಟ್ ತನ್ನ ಕಣ್ಣಿನ ಅಳತೆಗೆ ತಕ್ಕ ಮೀನನ್ನೇ ಹಿಡಿಯುತ್ತದೆ. ಪರ್ಸೀನ್, ರಾಣಿ ಬಲೆಗಳು ಹಿಂಡನ್ನೇ ಸುತ್ತುವರಿದು ಎಲ್ಲವನ್ನೂ ಎತ್ತುತ್ತವೆ. ಎಪ್ಪತ್ತರ ದಶಕದ ನಡುವಿನವರೆಗೆ ಕರ್ನಾಟಕದ ಕರಾವಳಿಯಲ್ಲಿ ಈ ಕೆಲಸ ದಡದಿಂದ ಎಳೆಯುವ ರಂಪಣಿಯದಾಗಿತ್ತು. ಆಮೇಲೆ ಪರ್ಸೀನ್ ಬಂದು ರಂಪಣಿ ಮೂಲೆಗೆ ಸೇರಿತು. ಬೂತಾಯಿ ಅಳತೆಗೆ ತಕ್ಕಂತೆ ಹಿಂಡುಗಟ್ಟುವ ಮೀನಾದ್ದರಿಂದ ಒಂದು ಬೀಸಿನಲ್ಲಿ ಬಂದದ್ದೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಒಂದೇ ಪೆಟ್ಟಿಗೆಯಿಂದ ನೂರು ಮೀನು ಅಳೆಯುವುದಕ್ಕಿಂತ ನಾಲ್ಕು ಬೇರೆ ಬೇರೆ ದಿನದ ಪೆಟ್ಟಿಗೆಯಿಂದ ಇಪ್ಪತ್ತೈದರಂತೆ ಅಳೆಯುವುದು ಮೇಲು.

ಹೊಟ್ಟೆಯೊಳಗಿನ ಕಡಲು

ಗುದದ್ವಾರದಿಂದ ಮುಂದಕ್ಕೆ ಕತ್ತರಿಸಬೇಕು. ಹೊಟ್ಟೆಯ ಅಂಚಿನಲ್ಲಿ ಗರಗಸದಂಥ ಮುಳ್ಳು ಹುರುಪೆಗಳ ಸಾಲಿದೆ, ಅದರ ಮೇಲೆಯೇ ಕತ್ತರಿ ಓಡಿಸಿದರೆ ಜಾರಿ ಕರುಳು ಹರಿಯುತ್ತದೆ. ಆ ಸಾಲಿನ ಪಕ್ಕಕ್ಕೆ ಅರ್ಧ ಸೆಂಟಿಮೀಟರ್ ಬಿಟ್ಟು, ಕತ್ತರಿಯ ಮೊಂಡು ತುದಿ ಒಳಗಿರುವಂತೆ ಹೋಗಬೇಕು. ಮುಂದೆ ಸಿಗುವುದು ಜಠರದ ಚೀಲ, ಅದರ ಪಕ್ಕ ಕೋಳಿಯ ಕಲ್ಲಿನಂಥ ದಪ್ಪ ಗೋಡೆಯ ಭಾಗ, ಬೆರಳುಗಳಂತೆ ಜೋತ ಪೈಲೋರಿಕ್ ಅಂಧಕರುಳುಗಳ ಗೊಂಚಲು, ಸುರುಳಿ ಸುತ್ತಿದ ಉದ್ದ ಕರುಳು. ದಪ್ಪ ಗೋಡೆಯೂ ಉದ್ದ ಕರುಳೂ ಸಸ್ಯಪ್ಲವಕ ತಿನ್ನುವ ಮೀನಿಗೆ ಬೇಕಾದ ಸಲಕರಣೆ: ಒಂದು ಅರೆಯಲು, ಇನ್ನೊಂದು ಹೀರಲು.

ಜಠರದ ಎರಡೂ ಕೊನೆ ದಾರದಿಂದ ಬಿಗಿದು ಕತ್ತರಿಸಿ ತೆಗೆದು, ತೂಗಿ, 5% ಫಾರ್ಮಲಿನ್‌ನಲ್ಲಿಡುವುದು. ಎಣಿಸುವ ದಿನ ಒಳಗಿನದನ್ನು ಸೀಳಿ ತೊಳೆದು 10 ಮಿ.ಲೀ.ಗೆ ಬೆರೆಸಿ, ಚೆನ್ನಾಗಿ ಕುಲುಕಿ, ಕೂಡಲೇ 1 ಮಿ.ಲೀ. ಪಿಪೆಟ್‌ನಲ್ಲಿ ಹೀರಿ ಪ್ಲವಕ ಎಣಿಸುವ ಸೆಜ್‌ವಿಕ್-ರಾಫ್ಟರ್ ಕೋಶಕ್ಕೆ (ಚೌಕದ ಮನೆಗಳಿರುವ ಸ್ಲೈಡು) ಬಿಡಬೇಕು. ಕೋಶದಲ್ಲಿ 1000 ಮನೆಗಳಿವೆ. ಅಲ್ಲಲ್ಲಿ ಆರಿಸಿದ 100 ಮನೆ ಎಣಿಸಿದರೆ ಬಂದ ಸಂಖ್ಯೆಯನ್ನು 10ರಿಂದ ಗುಣಿಸಿದಾಗ ಒಂದು ಮಿ.ಲೀ.ಯದ್ದು, ಮತ್ತೆ 10ರಿಂದ ಗುಣಿಸಿದಾಗ ಇಡೀ ಜಠರದ್ದು. ಕುಲುಕಿ ಹತ್ತು ಸೆಕೆಂಡು ತಡಮಾಡಿದರೂ ದೊಡ್ಡ ಡಯಾಟಂಗಳು ತಳಕ್ಕಿಳಿದು ಲೆಕ್ಕ ಕೆಡುತ್ತದೆ.

ನೀರಿನ ವಿಷಯದಲ್ಲಿ ಇಲ್ಲಿ ವಿಶೇಷ ಎಚ್ಚರ ಬೇಕು. ತೊಳೆಯಲು ನಲ್ಲಿ ನೀರು ಬಳಸಿದರೆ ನದಿ, ಜಲಾಶಯದ ಸಿಹಿನೀರಿನ ಡಯಾಟಂಗಳು ಜಠರದ ಲೆಕ್ಕಕ್ಕೆ ಸೇರಿಬಿಡುತ್ತವೆ. ನಾವಿಕುಲಾ, ಸೈಕ್ಲೋಟೆಲ್ಲಾ ಸಿಹಿನೀರಲ್ಲೂ ಇವೆ, ಕಡಲಲ್ಲೂ ಇವೆ. ಯಾವುದು ಎಲ್ಲಿಯದು ಎಂದು ಆಮೇಲೆ ಬೇರ್ಪಡಿಸಲಾಗದು. ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು, ಮತ್ತು ಪ್ರತಿ ಸಲ ಮೀನಿಲ್ಲದೆ ಬರೀ ನೀರನ್ನು ಇದೇ ಕ್ರಮದಲ್ಲಿ ಒಮ್ಮೆ ನೋಡಬೇಕು. ಅದರಲ್ಲಿ ಡಯಾಟಂ ಕಂಡರೆ ಬಾಟಲಿಯೇ ಕೊಳೆ.

ಕಾಣಸಿಗುವುದು ತಟ್ಟೆಯಂತೆ ದುಂಡಗಿನ ಕಾಸ್ಕಿನೋಡಿಸ್ಕಸ್, ಎಸ್ ಆಕಾರಕ್ಕೆ ಬಳುಕಿದ ಪ್ಲೂರೋಸಿಗ್ಮಾ, ಕಡ್ಡಿಯಂಥ ನಿಟ್ಜಿಯಾ, ಥಲಾಸಿಯೋನೀಮಾ, ಪಟ್ಟಿಪಟ್ಟಿಯಾಗಿ ಜೋಡಿಸಿದ ಫ್ರಾಜಿಲೇರಿಯಾ. ಮಲಬಾರ್ ಕರಾವಳಿಯಲ್ಲಿ ಬೂತಾಯಿಯ ಹೊಟ್ಟೆಯನ್ನೂ ಕಡಲ ಪ್ಲವಕವನ್ನೂ ಜೊತೆಗಿಟ್ಟು ನೋಡುವ ಕೆಲಸವನ್ನು ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ಜೊತೆಗಾರರು ಕಳೆದ ಶತಮಾನದ ಮೊದಲ ದಶಕಗಳಲ್ಲೇ ಮಾಡಿದ್ದರು. 1950ರ ದಶಕದಲ್ಲಿ ಫ್ರಾಜಿಲೇರಿಯಾ ಓಶಿಯಾನಿಕಾ ಹಬ್ಬುವಿಕೆಗೂ ಬೂತಾಯಿ ಬರುವಿಕೆಗೂ ನಂಟು ಹೇಳಲಾಯಿತು. ಆ ಹೆಸರು ಓದಿಕೊಂಡು ಬಂದ ವಿದ್ಯಾರ್ಥಿ ಪ್ರತಿ ಜಠರದಲ್ಲೂ ಅದನ್ನೇ ಹುಡುಕುತ್ತಾನೆ. ಅದು ಋತುವಿನ ಅತಿಥಿ, ವರ್ಷವಿಡೀ ಇರುವುದಿಲ್ಲ.

ಈಗ ಅಳಿದು ಹೋದದ್ದರ ಮಾತು. ಡಯಾಟಂನ ಕವಚ ಸಿಲಿಕಾದ್ದು, ಜೀರ್ಣರಸಕ್ಕೂ ಎರಡು ದಿನದ ಪ್ರಯಾಣಕ್ಕೂ ಬಗ್ಗುವುದಿಲ್ಲ. ಕೋಪಿಪಾಡ್ ಕಾಲು, ಮೀಸೆಗಳ ಚೂರಾಗಿ ಉಳಿಯುತ್ತದೆ. ಡೈನೋಫ್ಲಾಜೆಲೇಟ್ ಎಂಬ ಏಕಕೋಶಿ ಪ್ಲವಕಗಳಲ್ಲಿ ಕವಚವಿಲ್ಲದವು, ಮೀನಿನ ಎಳೆ ಮೊಟ್ಟೆಗಳು ಗುರುತೇ ಇಲ್ಲದಂತೆ ಕರಗಿರುತ್ತವೆ. ಆದ್ದರಿಂದ ಕಲಬುರಗಿಯಲ್ಲಿ ಎಣಿಸಿದ ಜಠರ ಡಯಾಟಂ ಪಾಲನ್ನು ಯಾವಾಗಲೂ ಹೆಚ್ಚಿಸಿಯೇ ಹೇಳುತ್ತದೆ. ತಿಂಗಳಿಂದ ತಿಂಗಳಿಗೆ ಡಯಾಟಂ ಜಾತಿಗಳ ಏರಿಳಿತವನ್ನು ನಂಬಬಹುದು, ಸಸ್ಯಪ್ಲವಕ-ಪ್ರಾಣಿಪ್ಲವಕಗಳ ನಡುವಿನ ಪ್ರಮಾಣವನ್ನು ನಂಬಲಾಗದು.

ಅಂಡಾಶಯ, ವೃಷಣ, ಕೊಬ್ಬು

ಅಂಡಾಶಯ ಹಳದಿ-ಗುಲಾಬಿ, ಕಾಳುಕಾಳು. ವೃಷಣ ಬಿಳಿ, ಚಪ್ಪಟೆ, ಅಂಚು ಚೂಪು. ಎಳೆಯ ಮೀನಿನಲ್ಲಿ ಎರಡೂ ದಾರದಂತಿರುವುದರಿಂದ ಬರಿಗಣ್ಣಲ್ಲಿ ತೀರ್ಮಾನಿಸದೆ ಚೂರು ಹಿಸುಕಿ ಸ್ಲೈಡಿನಲ್ಲಿ ನೋಡಬೇಕು. ಏಳು ಹಂತದ ಪಟ್ಟಿಯನ್ನೇ ಬಳಸುತ್ತೇನೆ: ಒಂದರಿಂದ ಎರಡು ಎಳಸು, ಮೂರರಿಂದ ನಾಲ್ಕು ಬಲಿಯುತ್ತಿರುವುದು, ಐದರಿಂದ ಆರು ಮಾಗಿದ್ದು, ಏಳು ಬರಿದಾದದ್ದು. ಅಂಡಾಶಯದ ತೂಕವನ್ನು ಮೈತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಅಂಡಾಶಯ ಎಷ್ಟು ಬಲಿತಿದೆ ಎಂಬುದರ ಸೂಚ್ಯಂಕ. 50 ಗ್ರಾಂ ಮೀನಿನಲ್ಲಿ 2.5 ಗ್ರಾಂ ಅಂಡಾಶಯ ಇದ್ದರೆ 5.

ಮೊಟ್ಟೆ ಎಣಿಸಲು ಅಂಡಾಶಯದ ಮುಂದು, ನಡು, ಹಿಂದುಗಳಿಂದ 0.1 ಗ್ರಾಂನಂತೆ ತೆಗೆದು ಎಣಿಸಿ ಸರಾಸರಿಯನ್ನು ಇಡೀ ತೂಕಕ್ಕೆ ಏರಿಸುವುದು. 0.1 ಗ್ರಾಂಗೆ 1,200 ಬಂದು ಅಂಡಾಶಯ 3 ಗ್ರಾಂ ಇದ್ದರೆ 36,000. ಹಳೆಯ ಪುಸ್ತಕಗಳು ಹೇಳುವ ಗಿಲ್ಸನ್ ದ್ರಾವಣದಲ್ಲಿ ಪಾದರಸದ ಲವಣವಿದೆ, ಕಾಲೇಜಿಗೆ ಅದು ಬೇಡವೇ ಬೇಡ. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಚೂರನ್ನು ಕುಂಚದಿಂದ ತಟ್ಟಿದರೆ ಮೊಟ್ಟೆ ಬಿಡಿಸಿಕೊಳ್ಳುತ್ತದೆ. ಮಾಗಿದ ಅಂಡಾಶಯದಲ್ಲಿ ಗಾತ್ರದ ಗುಂಪುಗಳು ಬೇರೆಬೇರೆ ಇರುತ್ತವೆ. ಎಣಿಸಬೇಕಾದದ್ದು ದೊಡ್ಡ ಗುಂಪನ್ನು ಮಾತ್ರ, ಎಲ್ಲವನ್ನೂ ಸೇರಿಸಿದರೆ ಸಂಖ್ಯೆ ಉಬ್ಬುತ್ತದೆ. ಬಿಟ್ಟ ಮೊಟ್ಟೆ ನೀರಲ್ಲಿ ತೇಲುವಂಥದ್ದು, ಸುಮಾರು ಒಂದು ದಿನದಲ್ಲಿ ಒಡೆದು ಮರಿ ಬರುತ್ತದೆ.

ಮೊದಲ ಸಲ ಬೆದೆಗೆ ಬರುವುದು 15 ಸೆಂ.ಮೀ. ಆಸುಪಾಸಿನಲ್ಲಿ, ಅಂದರೆ ಸುಮಾರು ಒಂದು ವರ್ಷದೊಳಗೆ. ಬದುಕುವುದು ಎರಡೂವರೆ ವರ್ಷದಷ್ಟು. ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕದನ್ನು ಹಿಡಿಯಬಾರದೆಂದು ಕಾನೂನಿದೆ. ಬೆದೆಯ ಅಳತೆಯ ಪಕ್ಕದಲ್ಲಿಟ್ಟರೆ ಆ ಮಿತಿ ತೀರ ಉದಾರವಾಯಿತು ಅನಿಸುತ್ತದೆ.

ಕೊಬ್ಬು ಅಳೆಯಲು, ದ್ರಾವಕದಲ್ಲಿ ಅದನ್ನು ಕರಗಿಸಿ ತೆಗೆಯುವ ಸಾಕ್ಸ್‌ಲೆಟ್ ಉಪಕರಣ ಇಲ್ಲದಿದ್ದರೂ ನಡೆಯುತ್ತದೆ. ಎಣ್ಣೆ ಮೀನಿನ ಮಾಂಸದಲ್ಲಿ ನೀರು ಮತ್ತು ಕೊಬ್ಬು ಸೇರಿ ಹೆಚ್ಚುಕಡಿಮೆ 80% ಇರುತ್ತದೆ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. 10 ಗ್ರಾಂ ಮಾಂಸವನ್ನು ಸಣ್ಣಗೆ ಕೊಚ್ಚಿ 105 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ನೀರು 72% ಬಂದರೆ ಕೊಬ್ಬು ಸುಮಾರು 8%, ನೀರು 62% ಆದರೆ ಕೊಬ್ಬು 18%ರ ಹತ್ತಿರ. ಚರ್ಮದ ಕೆಳಗೆ ಕೊಬ್ಬು ದಪ್ಪ. ಚರ್ಮ ಸಮೇತವೋ ಬಿಟ್ಟೋ ಎಂಬುದನ್ನು ಮೊದಲೇ ನಿಶ್ಚಯಿಸಿ ಕೊನೆಯವರೆಗೆ ಹಾಗೆಯೇ ಮಾಡಬೇಕು. ಓವನ್ ಇರುವ ಕೋಣೆಯ ಕಿಟಕಿ ತೆರೆದಿಡಿ, ಪಕ್ಕದ ಇಲಾಖೆಯವರೊಂದಿಗೆ ಸಂಬಂಧ ಚೆನ್ನಾಗಿರಬೇಕೆಂದರೆ.

ಫಾರ್ಮಲಿನ್ ಮತ್ತು ಕಿವಿಗಲ್ಲು

ಅಂಗಡಿಯ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು ಸೇರಿಸಿದರೆ 10% ಫಾರ್ಮಲಿನ್. ಇಡೀ ಮೀನನ್ನು ಇಡುವುದು ಇದರಲ್ಲಿ. ಹೊಟ್ಟೆಯಲ್ಲಿ ಸಣ್ಣ ಸೀಳು ಹಾಕದೆ ಮುಳುಗಿಸಿದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ಫಾರ್ಮಲಿನ್ ದಿನಕಳೆದಂತೆ ಆಮ್ಲವಾಗುತ್ತದೆ, ಆಮ್ಲ ಸುಣ್ಣವನ್ನು ತಿನ್ನುತ್ತದೆ, ಮೀನಿನ ಒಳಕಿವಿಯಲ್ಲಿರುವ ಕಿವಿಗಲ್ಲು ಎಂದರೆ ಬರೀ ಸುಣ್ಣ. ಹೀಗಾಗಿ ಕಿವಿಗಲ್ಲು ಬೇಕಿದ್ದರೆ ಫಾರ್ಮಲಿನ್‌ಗೆ ಹಾಕುವ ಮೊದಲೇ ತೆಗೆಯಬೇಕು. ತಲೆಯನ್ನು ಕೆಳಗಿನಿಂದ ಬಿಡಿಸಿ, ಕಿವಿರುಗಳನ್ನು ತೆಗೆದು, ಮಿದುಳು ಗೂಡಿನ ತಳದ ಎರಡು ಉಬ್ಬುಗಳನ್ನು ಚಿಮುಟದ ತುದಿಯಿಂದ ಒಡೆದರೆ ಒಂದೊಂದರಲ್ಲಿ ಎರಡು-ಮೂರು ಮಿಲಿಮೀಟರಿನ ಬಿಳಿ ಚೂರು ಸಿಗುತ್ತದೆ. ತೊಳೆದು ಒಣಗಿಸಿ ಒಣ ಸೀಸೆಯಲ್ಲೇ ಇಡಬೇಕು. ದ್ರಾವಣದ ಆಮ್ಲೀಯತೆ ತಡೆಯಲು ಬೊರಾಕ್ಸ್ ಹಾಕುತ್ತಾರೆ. ಶಹಾಬಾದ್ ಕಲ್ಲಿನ ತೊಳೆದ ಚೂರುಗಳನ್ನು ಡಬ್ಬಿಯ ತಳದಲ್ಲಿಟ್ಟರೂ ಕೆಲಸ ನಡೆಯುತ್ತದೆ. ಆಗಾಗ ಲಿಟ್ಮಸ್ ಅದ್ದಿ ನೋಡಿ.

ಕಿವಿಗಲ್ಲಿನ ಉಂಗುರ ಎಣಿಸಿ ವಯಸ್ಸು ಹೇಳುವುದು ಚಳಿದೇಶದ ಮೀನಿನಲ್ಲಿ ಸಲೀಸು. ಚಳಿಗಾಲದಲ್ಲಿ ಬೆಳವಣಿಗೆ ನಿಂತು ಗೆರೆ ಬೀಳುತ್ತದೆ. ನಮ್ಮ ಬೆಚ್ಚಗಿನ ಕಡಲಿನ ಬೂತಾಯಿಯಲ್ಲಿ ಗೆರೆ ಬಿದ್ದರೂ ಅದು ವರ್ಷದ್ದೋ, ಮೊಟ್ಟೆ ಇಟ್ಟ ಆಯಾಸದ್ದೋ ಹೇಳುವುದು ಕಷ್ಟ. ದಿನದ ಉಂಗುರ ನೋಡಲು ಕಲ್ಲನ್ನು ತೆಳ್ಳಗೆ ಉಜ್ಜಬೇಕು, ಪದವಿ ತರಗತಿಯ ಕೈಗೆ ಅದು ಮೀರಿದ ಕೆಲಸ. ಗ್ಲಿಸರಿನ್‌ನಲ್ಲಿಟ್ಟು ಕಪ್ಪು ಹಿನ್ನೆಲೆಯಲ್ಲಿ ತೋರಿಸಿ ಬಿಟ್ಟುಬಿಡುತ್ತೇನೆ.

ಬಹುಕಾಲ ಇಡುವ ಮಾದರಿಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಆಲ್ಕೊಹಾಲಿಗೆ ವರ್ಗಾಯಿಸಬೇಕು. ರೆಕ್ಟಿಫೈಡ್ ಸ್ಪಿರಿಟ್‌ಗೆ ಅಬಕಾರಿ ಪರವಾನಗಿ ಬೇಕಾಗುವುದರಿಂದ 50% ಐಸೊಪ್ರೊಪೈಲ್ ಸುಲಭ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಡಬ್ಬಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಕರಗುತ್ತದೆ, ಹೊರಗೆ ಅಂಟಿಸಿದ್ದು ಉದುರುತ್ತದೆ.

ತಿಂಗಳ ಪಟ್ಟಿ ಮತ್ತು ಕಡಲು

ಇಲ್ಲಿ ಮೃಗಶಿರಾ, ಆರಿದ್ರಾ ಮಳೆಗೆ ತೊಗರಿ ಬಿತ್ತುವ ಹೊತ್ತಿಗೆ ನೈಋತ್ಯ ಕರಾವಳಿಯಲ್ಲಿ ಕಡಲು ತಿರುವಿ ಬೀಳುತ್ತದೆ. ಮುಂಗಾರಿನ ಗಾಳಿ ಮೇಲ್ನೀರನ್ನು ದಡದಿಂದ ಆಚೆಗೆ ತಳ್ಳಿದಾಗ ತಳದ ತಣ್ಣೀರು ಮೇಲೇಳುತ್ತದೆ. ಇದು ಕೇರಳದ ದಕ್ಷಿಣ ತುದಿಯಲ್ಲಿ ಮೊದಲಾಗಿ ಉತ್ತರಕ್ಕೆ ಕರ್ನಾಟಕದತ್ತ ಸರಿಯುತ್ತದೆ. ಆ ನೀರಲ್ಲಿ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಹೇರಳ, ಆಮ್ಲಜನಕ ಕಡಿಮೆ. ಪೋಷಕಾಂಶ ಸಿಕ್ಕ ಡಯಾಟಂ ಉಕ್ಕುತ್ತದೆ, ಬೂತಾಯಿ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮೊಟ್ಟೆ ಇಡುತ್ತದೆ, ಮರಿಗಳಿಗೆ ಮೇವು ಸಿದ್ಧವಿರುತ್ತದೆ. ಆಮ್ಲಜನಕ ತೀರ ಕುಸಿದ ನೀರು ದಡದತ್ತ ಏರಿದಾಗ ಹಿಂಡುಗಳು ಮೇಲ್ಪದರಕ್ಕೋ ಪಕ್ಕಕ್ಕೋ ಸರಿಯುತ್ತವೆ. ಬೂತಾಯಿ ಆಳದ ಮೀನಲ್ಲ, ದಡಕ್ಕೆ ಹತ್ತಿರದ ಕಿರಿದಾದ ಪಟ್ಟಿಯ ಮೇಲ್ನೀರೇ ಅದರ ಮನೆ. ಹಾಗಾಗಿ ಗಾಳಿ, ಉಷ್ಣತೆ ಸ್ವಲ್ಪ ಏರುಪೇರಾದರೂ ಅದರ ಪಾಡು ಏರುಪೇರು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕ ಮೀನು 2021ರಲ್ಲಿ 3,300 ಟನ್ನಿನ ಆಸುಪಾಸಿಗೆ ಇಳಿದಿತ್ತು. ನಡುವೆ 2015ರ ಎಲ್ ನಿನೊ (ಪೆಸಿಫಿಕ್ ಕಡಲು ಬಿಸಿಯಾಗಿ ಹವೆ ಏರುಪೇರಾಗುವ ವಿದ್ಯಮಾನ) ಬಂದು ಹೋಗಿತ್ತು.

ನಮ್ಮ ಪಟ್ಟಿಯಲ್ಲಿ ಇದರ ತಿರುಳೇ ತಪ್ಪಿಹೋಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಾಗಿದ ಅಂಡಾಶಯ ನೋಡಬೇಕಾದ ತಿಂಗಳಲ್ಲೇ ಮೀನಿಲ್ಲ. ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ ಬರುವ ದೊಡ್ಡ ಮೀನಿನಲ್ಲಿ ಜೋತುಬಿದ್ದ, ರಕ್ತಗೆಂಪಾದ ಬರಿದು ಅಂಡಾಶಯ, ಮೈಕಟ್ಟು ಇಳಿದದ್ದು, ಕೊಬ್ಬು ತೀರ ಕಡಿಮೆ. ಜೊತೆಗೇ ಅದೇ ವರ್ಷ ಹುಟ್ಟಿದ 10ರಿಂದ 14 ಸೆಂ.ಮೀ. ಮರಿಗಳು ಕಾಣಿಸತೊಡಗುತ್ತವೆ. ತೊಗರಿ ಹೂಬಿಟ್ಟು ಕಾಯಿ ಕಟ್ಟುವ ನವೆಂಬರ್, ಡಿಸೆಂಬರಿನಲ್ಲಿ ಓವನ್ನಿನ ಲೆಕ್ಕ ತಲೆಕೆಳಗಾಗುತ್ತದೆ: ನೀರು ಇಳಿದು ಕೊಬ್ಬು ಏರುತ್ತದೆ, ಕರುಳ ಸುತ್ತ ಬಿಳಿ ಕೊಬ್ಬಿನ ಪಟ್ಟಿ ಕಾಣುತ್ತದೆ. ಈ ಎರಡು ತುದಿಗಳನ್ನಾದರೂ ಒಂದೇ ವರ್ಷ ಅಳೆದರೆ ಪ್ರಯೋಗ ಪೂರ್ತಿಯಾದಂತೆ.

ಪಕ್ಕದ ಕಾಲಮಿಗೆ ಕಡಲ ಮೇಲ್ಮೈ ಉಷ್ಣತೆ, ಸಸ್ಯಪ್ಲವಕ ಎಷ್ಟಿದೆ ಎಂದು ತೋರಿಸುವ ಕ್ಲೋರೋಫಿಲ್ ಬೇಕು. ಅದಕ್ಕೆ ಕರಾವಳಿಗೆ ಹೋಗಬೇಕಿಲ್ಲ. ಮೀನು ಸಿಗುವ ತಾಣಗಳ ಸೂಚನೆ ಹೊರಡಿಸುವ ಇನ್‌ಕಾಯಿಸ್ ಸಂಸ್ಥೆ ನಮ್ಮಂತೆಯೇ ಕಡಲಿಲ್ಲದ ಹೈದರಾಬಾದಿನಲ್ಲಿದೆ. ಉಪಗ್ರಹದ ನಕ್ಷೆಗಳು ಅವರ ಜಾಲತಾಣದಲ್ಲಿ ಸಿಗುತ್ತವೆ. ಮುಂಗಾರಿನಲ್ಲಿ ಮೋಡ ಕವಿದು ಕ್ಲೋರೋಫಿಲ್ ನಕ್ಷೆಯಲ್ಲಿ ಖಾಲಿ ಜಾಗಗಳು ಹೆಚ್ಚು, ಆ ಜಾಗವನ್ನು ಸೊನ್ನೆ ಎಂದು ಬರೆಯಬಾರದು.

ಪಟ್ಟಿಯ ಮೊದಲ ಕಾಲಮು ಮಾತ್ರ ಪೆಟ್ಟಿಗೆ ಎಲ್ಲಿಂದ ಬಂತು ಎಂಬುದಕ್ಕೆ. ಬೂತಾಯಿ ಎಂಬತ್ತರ ದಶಕದ ಕೊನೆಯಿಂದ ತಮಿಳುನಾಡು, ಆಂಧ್ರದ ಕರಾವಳಿಯಲ್ಲೂ ಹೇರಳವಾಗಿ ಸಿಗತೊಡಗಿದೆ. ಹೈದರಾಬಾದ್ ಮಾರ್ಗವಾಗಿ ಬರುವ ಪೆಟ್ಟಿಗೆ ಆ ಕಡೆಯದಾಗಿರಬಹುದು. ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಕಡಲಿನ ನಡೆಯೂ ಬೇರೆ. ಓಮನ್ ಕಡೆಯಿಂದ ಹೆಪ್ಪುಗಟ್ಟಿಸಿ ತಂದ ಮೀನೂ ದೇಶದ ಮಾರುಕಟ್ಟೆಗೆ ಬರುತ್ತದೆ, ಅದು ಯಾವ ತಿಂಗಳು ಹಿಡಿದದ್ದೋ ಗೊತ್ತಾಗುವುದಿಲ್ಲ. ಜುಲೈನ ಖಾಲಿ ಸಾಲನ್ನು ಇಂಥ ಮೀನಿನಿಂದ ತುಂಬಿಸುವ ಆಸೆಯಾಗುತ್ತದೆ, ತುಂಬಿಸಬಾರದು. ಪೆಟ್ಟಿಗೆಯ ಮೇಲಿನ ಗುರುತು, ವ್ಯಾಪಾರಿಗೆ ಬಂದ ಬಿಲ್ಲು, ಲಾರಿ ಹೊರಟ ಊರು ಇವುಗಳಲ್ಲಿ ಒಂದಾದರೂ ಸಿಕ್ಕರೆ ಪಟ್ಟಿಗೆ ಸೇರಿಸುತ್ತೇನೆ. ಯಾವುದೂ ಸಿಗದ ಪೆಟ್ಟಿಗೆಯ ಮೀನು ಗಿಲ್ ರೇಕರ್ ಎಣಿಸಲು, ಕಿವಿಗಲ್ಲು ತೆಗೆಯುವ ಕೈ ಪಳಗಿಸಲು ಹೋಗುತ್ತದೆ.